ಫಲಕದ ದರ ಒಂದು, ಬಿಲ್ಲಿನ ದರ ಇನ್ನೊಂದು

ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ, ಯಶವಂತಪುರದ ರೈಲು ನಿಲ್ದಾಣ, 2021ರಲ್ಲಿ ಕೆಂಗೇರಿಯನ್ನು ಮುಟ್ಟಿದ ಮೆಟ್ರೊ ಇವು ಪ್ರತಿದಿನವೂ ಪರಸ್ಥಳದ ಜನರನ್ನು ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಕರೆತರುತ್ತವೆ. ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯಲ್ಲಿರುವ ಬಂಧುವನ್ನು ಕಾಣಲು ಬಂದವರು, ವಿಜಯನಗರದ ಮದುವೆಗೆ ಬಂದವರು, ಪರೀಕ್ಷೆ ಬರೆಯಲು ಬಂದ ತರುಣರು ಎಲ್ಲರೂ ವಸತಿಗೃಹದ ಮೇಜಿನ ಮುಂದೆ ನಿಂತು ಕೇಳುವುದು ಒಂದೇ ಮಾತು: "ಕೊಠಡಿಗೆ ಎಷ್ಟು?" ಈ ಸರಳ ಪ್ರಶ್ನೆಗೆ ಸರಳವಾದ ಉತ್ತರ ದೊರೆಯುವುದು ಇಂದು ದುರ್ಲಭವಾಗಿದೆ.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಮೊಬೈಲಿನಲ್ಲಿ ಕಂಡ ದರ 1,500 ರೂಪಾಯಿ. ರೈಲು ಮುಂಜಾನೆಯೇ ತಲಪಿದ್ದರಿಂದ 'ಬೇಗ ಬಂದ ಶುಲ್ಕ' 300. ಮಗುವಿಗೆ ಹಾಸಿದ ಹೆಚ್ಚುವರಿ ಹಾಸಿಗೆಗೆ 400. 'ಸೇವಾ ಶುಲ್ಕ' 120. ಇವೆಲ್ಲದರ ಮೇಲೆ ಶೇಕಡಾ 5ರ ತೆರಿಗೆ 116. ಒಟ್ಟು 2,436 ರೂಪಾಯಿ. ಇದನ್ನು ಮೊದಲೇ ಹೇಳಿದ್ದರೆ ಪ್ರಯಾಣಿಕನು ಪಕ್ಕದ ಬೀದಿಯ ವಸತಿಗೃಹವನ್ನು ವಿಚಾರಿಸುತ್ತಿದ್ದನು. ಆದರೆ ಗಂಟುಮೂಟೆ ಇಳಿಸಿ, ಮುಂಗಡ ಕೊಟ್ಟು, ಮಗು ನಿದ್ರೆ ಹೋದ ಮೇಲೆ ಆತನಿಗೆ ಆಯ್ಕೆಯೆಲ್ಲಿ ಉಳಿಯಿತು?

ಇದನ್ನು ವ್ಯಾಪಾರದ ಜಾಣ್ಮೆಯೆಂದು ಕರೆಯುವವರುಂಟು. ನಮ್ಮ ಪ್ರಾಚೀನರು ಹಾಗೆ ಕರೆಯಲಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳ ಅತಿಚಾರಗಳನ್ನು ಎಣಿಸುವಾಗ, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಉಮಾಸ್ವಾಮಿಗಳು ಸತ್ಯವ್ರತದ ದೋಷಗಳಲ್ಲಿ ಸೇರಿಸಲಿಲ್ಲ. ಅಚೌರ್ಯವ್ರತದ ದೋಷಗಳಲ್ಲಿ ಸೇರಿಸಿದರು. ಅಂದರೆ ತಪ್ಪು ಅಳತೆ ಕೇವಲ ಸುಳ್ಳಲ್ಲ, ಕಳವಿನ ಸಮೀಪದ ಕೃತ್ಯ. ಬೆಲೆಯೂ ಒಂದು ಅಳತೆಯೇ. ಅರ್ಧ ಬೆಲೆಯನ್ನು ತೋರಿಸಿ ಪೂರ್ಣ ಬೆಲೆಯನ್ನು ವಸೂಲು ಮಾಡುವವನು ಸೇರಿನ ತಳವನ್ನು ಎತ್ತರಿಸಿದ ಅಂಗಡಿಯವನಿಗಿಂತ ಯಾವ ರೀತಿಯಲ್ಲಿ ಭಿನ್ನ?

"ತೆರಿಗೆ ಸರ್ಕಾರದ್ದು, ನಮ್ಮದಲ್ಲ" ಎಂಬುದು ಮೊದಲ ಸಮಾಧಾನ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ ಜಿ.ಎಸ್.ಟಿ. ಶೇಕಡಾ 5 ಎಂದು ನಿಗದಿಯಾಗಿದೆ. ನಿಗದಿಯಾದ ಅಂಕಿಯನ್ನು ದರದೊಳಗೆ ಕೂಡಿಸಿ ಬರೆಯಲು ಅಡ್ಡಿಯೇನು? ಐದು ರೂಪಾಯಿಯ ಬಿಸ್ಕತ್ತಿನ ಪೊಟ್ಟಣ ಎಲ್ಲ ತೆರಿಗೆಗಳೂ ಸೇರಿದ ಬೆಲೆಯನ್ನು ಮೈಮೇಲೆ ಹೊತ್ತಿರುವಾಗ, ಎರಡು ಸಾವಿರದ ಕೊಠಡಿಗೆ ಅದು ಅಸಾಧ್ಯವೆನ್ನುವುದು ನಂಬತಕ್ಕ ಮಾತಲ್ಲ.

"ಸೇವೆ ಬೇರೆ, ಕೊಠಡಿ ಬೇರೆ" ಎಂಬುದು ಎರಡನೆಯದು. ಹೋಟೆಲುಗಳಲ್ಲಿ ನೀರಿನ ಬಾಟಲಿಯನ್ನು ಮುದ್ರಿತ ಬೆಲೆಗಿಂತ ಹೆಚ್ಚಿಗೆ ಮಾರುವ ವಿಷಯ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಈ ಉದ್ಯಮದ ಒಕ್ಕೂಟ ವಾದಿಸಿದ್ದು, ಅಲ್ಲಿ ಮಾರಾಟವಾಗುವುದು ಬರಿಯ ನೀರಲ್ಲ, ಸೇವೆಯೂ ಅದರೊಡನೆ ಬೆರೆತಿದೆ ಎಂದು. 2017ರ ಡಿಸೆಂಬರಿನಲ್ಲಿ ನ್ಯಾಯಾಲಯ ಅದನ್ನು ಒಪ್ಪಿತು. ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ವಿಧಿಸಿದಾಗ ಅದೇ ಒಕ್ಕೂಟ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ನೀರಿನ ಬೆಲೆಯಲ್ಲಿ ಬೆರೆತ ಸೇವೆ ಬಿಲ್ಲಿನ ಕೊನೆಯಲ್ಲಿ ಬೇರ್ಪಡುವುದು ಯಾವ ನ್ಯಾಯ? 2025ರ ಮಾರ್ಚ್ 28ರಂದು ಆ ನ್ಯಾಯಾಲಯದ ಏಕಸದಸ್ಯ ಪೀಠ ಪ್ರಾಧಿಕಾರದ ನಿಯಮಗಳನ್ನು ಎತ್ತಿಹಿಡಿಯಿತು.

"ಎಲ್ಲರೂ ಹೀಗೆಯೇ ಮಾಡುತ್ತಾರೆ, ಪೂರ್ಣ ದರ ಬರೆದವನ ಬಳಿಗೆ ಗಿರಾಕಿ ಬಾರನು" ಎಂಬುದು ಕೊನೆಯದು, ಮತ್ತು ಇದರಲ್ಲಿ ಮಾತ್ರ ಸ್ವಲ್ಪ ಸತ್ಯವಿದೆ. ಪ್ರಾಮಾಣಿಕನ 2,000 ರೂಪಾಯಿಯ ಫಲಕ ಅಪ್ರಾಮಾಣಿಕನ 1,500ರ ಮುಂದೆ ದುಬಾರಿಯಾಗಿ ಕಾಣುತ್ತದೆ. ಆದುದರಿಂದಲೇ ಎಲ್ಲರಿಗೂ ಒಂದೇ ನಿಯಮ ಬೇಕು. ಮೊದಲು ಕಡಿಮೆ ತೋರಿಸಿ ಹನಿಹನಿಯಾಗಿ ಬೆಲೆಯೇರಿಸುವುದನ್ನು 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ನಿಷೇಧಿತ 13 ವಂಚನಾ ವಿಧಾನಗಳಲ್ಲಿ ಸೇರಿಸಿದೆ. ಅಮೆರಿಕದಲ್ಲಿಯೂ 2025ರ ಮೇ 12ರಿಂದ, ಸರ್ಕಾರಿ ತೆರಿಗೆಯನ್ನುಳಿದು ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಒಟ್ಟು ದರವನ್ನೇ ವಸತಿಗೃಹಗಳು ಪ್ರಧಾನವಾಗಿ ತೋರಿಸತಕ್ಕದ್ದೆಂಬ ನಿಯಮ ಜಾರಿಗೆ ಬಂದಿದೆ. ನಿಯಮ ಕಾಗದದಲ್ಲಿದ್ದರೆ ಸಾಲದು. ಮೇಜಿನ ಮೇಲೂ ಇರಬೇಕು.

ನಮ್ಮ ವಾಚಕರಲ್ಲಿ ವ್ಯಾಪಾರಸ್ಥರು ಬಹುಮಂದಿ. ವಸತಿಗೃಹ ನಡೆಸುವವರೂ ಇರಬಹುದು. ಅವರಲ್ಲಿ ನಮ್ಮ ವಿನಂತಿ ಇಷ್ಟೇ: ತೆರಿಗೆ ಸೇರಿದ ಒಟ್ಟು ದರ, ಹೆಚ್ಚುವರಿ ಹಾಸಿಗೆಯ ದರ, ಕೊಠಡಿಗೆ ಬರುವ ಮತ್ತು ಬಿಡುವ ವೇಳೆ ಈ ಮೂರನ್ನು ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆಸಿ ಬಾಗಿಲಲ್ಲಿಯೇ ತೂಗುಹಾಕಿರಿ. ಮೊಬೈಲಿನಲ್ಲಿಯೂ ಅದೇ ಅಂಕಿ ಕಾಣಲಿ. ಪ್ರಯಾಣಿಕರು ಕೊಠಡಿಯ ಬೀಗದ ಕೈ ಪಡೆಯುವ ಮೊದಲೇ "ಎಲ್ಲ ಸೇರಿ ಎಷ್ಟು?" ಎಂದು ಕೇಳಿ ಬರೆಯಿಸಿಕೊಳ್ಳಲಿ, ಬಿಲ್ಲು ಅದನ್ನು ಮೀರಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲಿ. ಅಪರಿಚಿತ ಊರಿನಲ್ಲಿ ರಾತ್ರಿ ತಂಗಲು ಬಂದವನ ಅಸಹಾಯಕತೆ ಯಾರ ಆದಾಯವೂ ಆಗಕೂಡದು.