ಕಂಬದ ಎದುರು ಅರ್ಧ ತಾಸು

ಬ್ಯಾಡಗಿ, ರಾಣೆಬೆನ್ನೂರಿನ ಶಾಲಾ ಪ್ರವಾಸದ ಬಸ್ಸುಗಳು ನಸುಕಿಗೇ ಬೇಲೂರು-ಹಳೇಬೀಡಿನ ಹಾದಿ ಹಿಡಿಯುತ್ತವೆ. ಹಿಡಿಯಲಿ, ಅದೂ ಬೇಕು. ಆದರೆ ಹಾವೇರಿ ಪಟ್ಟಣದೊಳಗೇ 12ನೆಯ ಶತಮಾನದ ಚಾಲುಕ್ಯ ಕಲೆಯ ಸೊಗಸು ಹೊತ್ತ, ಪಡುವಣಕ್ಕೆ ಮುಖ ಮಾಡಿದ ಸಿದ್ಧೇಶ್ವರ ದೇಗುಲವಿದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ, ತುಂಗಭದ್ರೆಯ ದಂಡೆಗೆ, ಮುಕ್ತೇಶ್ವರ ದೇಗುಲವಿದೆ. ಬಳಪದ ಕಲ್ಲಿನ ಕೆತ್ತನೆಯ ಆಳ ಪಠ್ಯಪುಸ್ತಕದ ಚಿತ್ರಕ್ಕೆ ಸಿಗುವುದಿಲ್ಲ. ಓರೆ ಬಿಸಿಲಿಗೆ ಗೋಡೆಯ ಕಿರುಗೋಪುರ ಎದ್ದು ನಿಲ್ಲುವುದನ್ನು, ಹೊತ್ತೇರಿದಂತೆ ಅದರ ನೆರಳು ಜಾರುವುದನ್ನು ಮಗು ಅಲ್ಲೇ ಕೂತು ನೋಡಬೇಕು. ಸಾಲು ನಿಲ್ಲಿಸಿ, ಫೋಟೊ ತೆಗೆದು, ಮತ್ತೆ ಬಸ್ಸು ಹತ್ತಿಸುವ ಅವಸರ ಬೇಡ. ಒಂದೇ ಕಂಬದ ಎದುರು ಅರ್ಧ ತಾಸು ಕೂರಿಸಿ, ಕೈಗೆ ಪೆನ್ಸಿಲ್ಲು, ಹಾಳೆ ಕೊಡಿ. ಶಿಕ್ಷಣ ಇಲಾಖೆ ಬರುವ ವರ್ಷದ ಪ್ರವಾಸಪಟ್ಟಿಯಲ್ಲಿ ಈ ಎರಡೂ ಊರುಗಳ ಹೆಸರು ಬರೆಯಲಿ.