ಹೊಲದಲ್ಲಿ ಕಟ್ಟಡ: ಮೊದಲು ಪಹಣಿ, ಆಮೇಲೆ ಪಾಯ



ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಉಳಿದ ವರ್ಷ, ಹೊಲದಲ್ಲಿ ಒಂದು ದನದ ಕೊಟ್ಟಿಗೆಯನ್ನೋ ಕಾಳುಕಡಿ ಇಡುವ ಕೋಣೆಯನ್ನೋ ಕಟ್ಟಿಸಬೇಕೆಂಬ ಆಸೆ ಸಹಜ. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ರೈತರಲ್ಲಿ ಈ ಬಗ್ಗೆ ಎರಡು ತಪ್ಪು ತಿಳಿವಳಿಕೆಗಳಿವೆ. ಹೊಲದಲ್ಲಿ ಏನು ಕಟ್ಟಬೇಕಾದರೂ ಭೂ ಪರಿವರ್ತನೆ, ಅಂದರೆ ಎನ್.ಎ. ಮಾಡಿಸಲೇಬೇಕೆಂಬ ಅಂಜಿಕೆ ಒಂದು. ನನ್ನ ಹೊಲದಲ್ಲಿ ನಾನು ಏನು ಕಟ್ಟಿದರೂ ಕೇಳುವವರಿಲ್ಲ ಎಂಬ ಧೈರ್ಯ ಇನ್ನೊಂದು. ಮೊದಲನೆಯದರಿಂದ ದಲ್ಲಾಳಿಯ ಜೇಬು ತುಂಬುತ್ತದೆ. ಎರಡನೆಯದರಿಂದ ಕಟ್ಟಿದ್ದೇ ಉರುಳಬಹುದು.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಕಲಮಿನ ಪ್ರಕಾರ, ಸಾಗುವಳಿಗೆ ಅನುಕೂಲವಾಗುವ ಕಟ್ಟಡ, ಬಾವಿ, ಕೆರೆಗಳನ್ನು ತನ್ನ ಜಮೀನಿನಲ್ಲಿ ಮಾಡಿಕೊಳ್ಳುವ ಹಕ್ಕು ರೈತನಿಗೆ ಇದೆ. ಕೊಟ್ಟಿಗೆ, ಕುರಿದೊಡ್ಡಿ, ಪಂಪಿನ ಮನೆ, ಗೊಬ್ಬರ-ಬೀಜದ ಕೋಣೆ ಈ ಮಾತಿಗೆ ಒಳಪಡುತ್ತವೆ. ಅದೇ ಕಟ್ಟಡವನ್ನು ಖಾನಾವಳಿ, ಅಂಗಡಿ, ಲಾಡ್ಜು ಮಾಡಲು ಹೊರಟರೆ ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಕಾನೂನು ನೋಡುವುದು ಗೋಡೆಯನ್ನಲ್ಲ, ಗೋಡೆಯೊಳಗೆ ನಡೆಯುವ ಕೆಲಸವನ್ನು ಎಂಬುದನ್ನು ಮರೆಯಬಾರದು.

ಇದಕ್ಕೆ ದೂರದ ಉದಾಹರಣೆ ಬೇಡ. ಗಂಗಾವತಿ ತಾಲ್ಲೂಕಿನ ವಿರೂಪಾಪುರಗಡ್ಡೆಯಲ್ಲಿ ಜಮೀನುಳ್ಳವರು ಪ್ರವಾಸಿಗರಿಗಾಗಿ ಗುಡಿಸಲು, ಹೋಟೆಲು, ವಸತಿಗೃಹ ಹಾಕಿದ್ದರು. ಆ ನೆಲ ಸ್ಮಾರಕ ಸಂರಕ್ಷಣೆಯ 1988ರ ಅಧಿಸೂಚನೆಗೆ ಸೇರಿದ್ದು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಫೆಬ್ರುವರಿಯಲ್ಲಿ ಅವು ಅಕ್ರಮವೆಂದು ತೀರ್ಪಾಯಿತು, ಮಾರ್ಚಿನಲ್ಲಿ ಜೆ.ಸಿ.ಬಿ. ಬಂತು. ಜಮೀನು ತಮ್ಮದಾಗಿದ್ದೂ ಕಟ್ಟಡ ಉಳಿಯಲಿಲ್ಲ. ಆನೆಗೊಂದಿ ಸುತ್ತಲಿನ ಹಳ್ಳಿಗಳ ರೈತರು ಒಂದು ಇಟ್ಟಿಗೆ ಇಡುವ ಮುನ್ನವೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವನ್ನು ಬರಹದಲ್ಲಿ ಕೇಳತಕ್ಕದ್ದು.

ಉಳಿದವರು ಗಮನಿಸಬೇಕಾದ ಸಂಗತಿಗಳು ಇವು:

ಮೊದಲು ಪಹಣಿ. ಅಣ್ಣತಮ್ಮಂದಿರ ಹೆಸರು ಕೂಡಿಯೇ ಇದ್ದರೆ, ಪೋಡಿಯಾಗದ ಹೊಲದಲ್ಲಿ ಕಟ್ಟಿದ ಕೊಟ್ಟಿಗೆ ನಾಳೆ ಯಾರ ಪಾಲಿಗೆ ಬೀಳುತ್ತದೋ ಹೇಳಲಾಗದು. ಅಳತೆ ಮಾಡಿಸಿ, ಬಾಂದುಕಲ್ಲು ನೆಡಿಸಿ, ಆಮೇಲೆ ದಾರ ಹಿಡಿಯಿರಿ. ಗ್ರಾಮ ಪಂಚಾಯಿತಿಗೆ ನಕ್ಷೆ ಸಹಿತ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಅರ್ಜಿಯ ರಸೀದಿ ಕೈಯಲ್ಲಿರಲಿ. ಹೊಲದ ಪಕ್ಕ ಹೆದ್ದಾರಿ, ಕಾಲುವೆ, ಹಳ್ಳ ಇದ್ದರೆ ಎಷ್ಟು ಅಂತರ ಬಿಡಬೇಕೆಂದು ಆಯಾ ಇಲಾಖೆಯಲ್ಲಿ ವಿಚಾರಿಸಿ. ಹನ್ನೊಂದು ಕೆ.ವಿ. ವಿದ್ಯುತ್ ತಂತಿ ಹಾದಿದ್ದರೆ ಅದರ ಕೆಳಗೆ ಕಟ್ಟಲೇಬೇಡಿ. ನಿಯಮದಂತೆ ಛಾವಣಿಗೂ ತಂತಿಗೂ ನಡುವೆ ಕನಿಷ್ಠ 3.7 ಮೀಟರ್ ಅಂತರ ಇರಬೇಕು. ಹುಲ್ಲಿನ ಬಣವಿಗೂ ಆ ಜಾಗ ಸಲ್ಲದು.

ಇನ್ನು ಮಣ್ಣು. ಯಲಬುರ್ಗಾ ಕಡೆಯ ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ಎರೆಯ ಮೇಲೆ ಕುಳಿತ ಗೋಡೆ ಮೂಲೆಯಿಂದ ಸೀಳುತ್ತದೆ. ಗರಸು ಸಿಗುವವರೆಗೆ ಪಾಯ ಅಗೆಯಿರಿ. ಸಿಗದಷ್ಟು ಆಳವಿದ್ದರೆ ಇಂಜಿನಿಯರರ ಸಲಹೆ ಪಡೆಯಿರಿ. ಅಗೆದ ಎರೆಮಣ್ಣನ್ನೇ ಒಳಗೆ ತುಂಬದೆ ಗರಸು ತುಂಬಿ ಧಮ್ಮಸು ಹಾಕಿಸಿ. ತಗಡಿನಿಂದ ಬೀಳುವ ನೀರು ಪಾಯದ ಬುಡದಲ್ಲಿ ನಿಲ್ಲಬಾರದು. ಗಂಗಾವತಿಯ ಎಡದಂಡೆ ಕಾಲುವೆಯ ಭತ್ತದ ಸೀಮೆಯಲ್ಲಿ ತೇವ ಮತ್ತು ಸವುಳು ಗೋಡೆಯ ಗಿಲಾಯಿಯನ್ನು ತಿನ್ನುತ್ತವೆ. ಅಲ್ಲಿ ನೆಲಗಟ್ಟು ಎರಡು-ಎರಡೂವರೆ ಅಡಿ ಎತ್ತರವಿರಲಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸಿ.

ಅಳತೆಯಲ್ಲಿ ಆಡಂಬರ ಬೇಡ. ನೆರಳಿನ ಜಾಗ ಒಂದು ಆಕಳಿಗೆ ಸುಮಾರು 38 ಚದರಡಿ, ಎಮ್ಮೆಗೆ 43 ಚದರಡಿ, ಕುರಿಗೆ 11 ಚದರಡಿ ಸಾಕು; ಅದರ ಎರಡರಷ್ಟು ಬಯಲು ಅಂಗಳ ಬಿಡಿ. ಕೊಟ್ಟಿಗೆಯ ಉದ್ದ ಪೂರ್ವ-ಪಶ್ಚಿಮವಾಗಿದ್ದರೆ ನಮ್ಮ ಬಿಸಿಲಿಗೆ ದನಗಳಿಗೆ ತಂಪು. ಕುಷ್ಟಗಿ ಕಡೆಯ ಕುರಿಗಾರರು ದೊಡ್ಡಿಯ ನೆಲವನ್ನು ಎತ್ತರಿಸಿ ಇಳಿಜಾರು ಕೊಟ್ಟರೆ ಮಳೆಗಾಲದ ಗೊರಸಿನ ರೋಗ ಕಡಿಮೆಯಾದೀತು.

ಇಷ್ಟು ಹೇಳಿದ ಮೇಲೆ ಇಲಾಖೆಗಳ ಕಡೆಗೂ ಒಂದು ಮಾತು. ರೈತನಿಗೆ ಯಾವ ಕಟ್ಟಡಕ್ಕೆ ಎನ್.ಎ. ಬೇಡ, ಯಾವುದಕ್ಕೆ ಬೇಕು ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಹತ್ತು ಸಾಲಿನಲ್ಲಿ ಬರೆಸುವುದು ಕಷ್ಟದ ಕೆಲಸವಲ್ಲ. ಅದಿಲ್ಲದ ಕಾರಣ ಕಾನೂನೇ ಕೊಟ್ಟ ಹಕ್ಕಿಗೆ ರೈತ ದುಡ್ಡು ತೆರುವಂತಾಗಿದೆ. ತನ್ನ ಸಿಬ್ಬಂದಿಗೆ ಬರುವ ಅರ್ಜಿಗಳನ್ನು ಕಡಿಮೆ ಮಾಡಿಕೊಳ್ಳಲಾದರೂ ಆಡಳಿತ ಇದನ್ನು ಮಾಡಬೇಕು.

ಅದು ಆಗುವವರೆಗೆ ಯಾರಾದರೂ ‘ಇದಕ್ಕೆ ಎನ್.ಎ. ಬೇಕು, ದುಡ್ಡು ತಾ’ ಎಂದರೆ, ‘ಯಾವ ಕಲಮಿನ ಪ್ರಕಾರ? ಬರೆದು ಕೊಡಿ’ ಎಂದು ಕೇಳಿ. ‘ಕಟ್ಟಿಬಿಡು, ಆಮೇಲೆ ನೋಡಿಕೊಂಡರಾಯಿತು’ ಎಂದವರಿಗೆ ವಿರೂಪಾಪುರಗಡ್ಡೆಯ ಕಡೆ ಬೊಟ್ಟು ಮಾಡಿ ತೋರಿಸಿ.