ಬಡಿಸುವವರ ಪಾಲು

ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ವೃದ್ಧಾಶ್ರಮದಲ್ಲಿ ಒಂದು ಹೊತ್ತಿನ ಊಟ ಹಾಕಿಸುವ ರೂಢಿ ನಮ್ಮ ಊರುಗಳಲ್ಲಿ ಬೆಳೆದಿದೆ. ಹಣ ಕಟ್ಟಿದ ಮನೆಯವರು ಬಂದು, ಎಲೆಗೆ ತಾವೇ ಹೋಳಿಗೆ ಬಡಿಸಿ, ಫೋಟೊ ತೆಗೆಸಿಕೊಳ್ಳುತ್ತಾರೆ. ಕೈ ನಡುಗುವ ಅಜ್ಜನಿಗೆ ತುತ್ತು ಮಾಡಿ ತಿನ್ನಿಸುವ ಆಯಾ, ಚೆಲ್ಲಿದ ಸಾರು ಒರೆಸುವ ಹುಡುಗ ಆ ಫೋಟೊದಲ್ಲಿ ಇರುವುದಿಲ್ಲ. ಅವರ ಊಟ ಎಲ್ಲರದೂ ಮುಗಿದ ಮೇಲೆ; ಅಷ್ಟರಲ್ಲಿ ಹೋಳಿಗೆ ಉಳಿದಿದ್ದರೆ ಉಂಟು.

ಅಪ್ಪ ಅಮ್ಮನನ್ನು ನೋಡಿಕೊಳ್ಳುವವರಿಗೆ ಏನಾದರೂ ತಿಂಡಿ ಒಯ್ಯಬೇಕೇ? ಸಂಬಳ ಬರುತ್ತದಲ್ಲ, ಒಯ್ದರೆ ಲಂಚವಾಗುವುದಿಲ್ಲವೇ ಎಂದು ಕೆಲವರು ಹಿಂಜರಿಯುತ್ತಾರೆ. ಒಯ್ಯಬೇಕು ಎಂಬುದೇ ನನ್ನ ಅಭಿಪ್ರಾಯ. ಅವರ ಕೆಲಸದ ಒಂದು ಭಾಗ ಸಂಬಳದ ಲೆಕ್ಕಕ್ಕೆ ಸಿಗುವುದೇ ಇಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಸೊಂಟಕ್ಕೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಅದು ನೈಟ್ ಡ್ಯೂಟಿಯವರ ಕೆಲಸವೇ ಸರಿ. ಆದರೆ ಮರೆವಿನ ಕಾಯಿಲೆಯ ಅಜ್ಜಿ ನಡುರಾತ್ರಿ ಎದ್ದು ‘ಮಗು ಅಳ್ತಿದೆ, ಹಾಲು ಕೊಡ್ಬೇಕು’ ಎಂದು ಹಟ ಹಿಡಿದಾಗ ಗದರದೆ, ‘ಕೊಟ್ಟಾಯ್ತು ಅಜ್ಜಿ, ಮಲಗಿದೆ’ ಎಂದು ಕೈ ಹಿಡಿದು ಕೂರುವುದು ಯಾವ ಡ್ಯೂಟಿ ಪಟ್ಟಿಯಲ್ಲೂ ಇಲ್ಲ. ಅದಕ್ಕೆ ದುಡ್ಡು ಚಾಚಿದರೆ ಇಬ್ಬರಿಗೂ ಮುಜುಗರ. ಮನೆಯಲ್ಲಿ ಕರಿದ ಚಕ್ಕುಲಿಯನ್ನು ಡಬ್ಬಿಗೆ ತುಂಬಿ ಕೊಟ್ಟರೆ ಆ ಮುಜುಗರವಿಲ್ಲ.

ಲಂಚದ ಶಂಕೆಯನ್ನು ಮಾತ್ರ ಹಗುರವಾಗಿ ಕಾಣುವಂತಿಲ್ಲ. ‘ನಮ್ಮಮ್ಮನ್ನ ಸ್ವಲ್ಪ ಚೆನ್ನಾಗಿ ನೋಡ್ಕೊಳಮ್ಮ’ ಎನ್ನುತ್ತ ಒಬ್ಬಳೇ ಆಯಾಳ ಕೈಗೆ ಗುಟ್ಟಾಗಿ ಪೊಟ್ಟಣ ತುರುಕಿದರೆ, ಅದರ ನಷ್ಟ ತಟ್ಟುವುದು ಪಕ್ಕದ ಮಂಚದ ಹೆಂಗಸಿಗೆ. ಅವರನ್ನು ನೋಡಲು ಯಾರೂ ಬರುವುದಿಲ್ಲ. ಅವರು ಕರೆದಾಗ ಇನ್ನು ತಡವಾಗಿಯೇ ಯಾರಾದರೂ ಬಂದಾರು. ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳು ಬೀರುವ ಕ್ರಮವಿದೆಯಲ್ಲ, ಅದೇ ಇಲ್ಲಿಗೂ ಸರಿ. ಎಳ್ಳು ಬೆಲ್ಲ, ಕಬ್ಬಿನ ತುಂಡು, ಸಕ್ಕರೆ ಅಚ್ಚು ಹಿಡಿದು ಮನೆಮನೆಗೂ ಹೋಗುತ್ತೇವೆ. ಅವರೂ ನಮಗೆ ಬೀರುತ್ತಾರೆ. ಆಶ್ರಮಕ್ಕೆ ತಂದದ್ದೂ ಎಲ್ಲರೆದುರು ಎಲ್ಲರಿಗೂ ಸಲ್ಲಬೇಕು: ಅಡುಗೆಯವರಿಗೆ, ಬಟ್ಟೆ ಒಗೆಯುವವರಿಗೆ, ಗೇಟಿನಲ್ಲಿ ಕೂತವರಿಗೆ. ಹಗಲು ಬಿಚ್ಚಿದ ಡಬ್ಬಿ ಸಂಜೆಯೊಳಗೆ ಖಾಲಿಯಾಗುವುದರಿಂದ ನೈಟ್ ಡ್ಯೂಟಿಯವರ ಪಾಲನ್ನು ಬೇರೆ ಕಟ್ಟಿ, ಮೇಲೆ ಬರೆದಿಡಬೇಕು. ಸಕ್ಕರೆ ಕಾಯಿಲೆಯ ಹಿರಿಯರ ಕೈಗೆ ಸಿಹಿ ಸಿಗದಂತೆಯೂ ನೋಡಬೇಕು. ಮದುವೆಮನೆಯಲ್ಲಿ ಮಿಕ್ಕದ್ದು ಬೇಡವೇ ಬೇಡ. ಅವರು ತಿರುಗಿ ಒಂದು ಲೋಟ ಕಾಫಿ ಕೊಟ್ಟರೆ ಕೂತು ಕುಡಿಯಬೇಕು. ಆಗಲೇ ಅವರ ಊರು, ಮಕ್ಕಳ ಸ್ಕೂಲು, ಬೆನ್ನುನೋವು ನಮಗೆ ಗೊತ್ತಾಗುವುದು.

ಗೊತ್ತಾದ ಮೇಲೆ ಚಕ್ಕುಲಿ ಕೊಟ್ಟು ಸುಮ್ಮನಿರಲು ಬರುವುದಿಲ್ಲ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಮಕ್ಕಳ ಹೊಣೆಯನ್ನು ವಿವರಿಸುತ್ತದೆ; ಜಿಲ್ಲೆಗೆ ಒಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮದ ಮಾತನ್ನೂ ಆಡುತ್ತದೆ. ಅಲ್ಲಿ ದುಡಿಯುವವರ ಕೂಲಿಯ ಬಗ್ಗೆ ಅದರಲ್ಲಿ ಮಾತಿಲ್ಲ. ಆ ಮಾತನ್ನು ಎತ್ತಬೇಕಾದವರು ದುಡ್ಡು ಕಟ್ಟುವ ನಾವು. ತಿಂಗಳ ಶುಲ್ಕ ಏರಿಸುವ ಪತ್ರ ಬಂದಾಗ ಚೌಕಾಸಿಗೆ ಇಳಿಯುತ್ತೇವೆ. ಏರಿದ್ದರಲ್ಲಿ ಆಯಾಗಳಿಗೆ ಹೋಗುವುದೆಷ್ಟು, ವಾರದ ರಜೆ ಸಿಗುತ್ತದೆಯೇ, ಪಿಎಫ್ ಕಟ್ಟುತ್ತಾರೆಯೇ, ರಾತ್ರಿ ಒಬ್ಬರ ಮೇಲೆ ಎಷ್ಟು ಮಂಚಗಳ ಹೊರೆ ಎಂದು ಆಗಲೇ ಕೇಳಬೇಕು. ಒಬ್ಬರೇ ಕೇಳಿದರೆ ಮ್ಯಾನೇಜರು ಮಾತು ತೇಲಿಸಬಹುದು. ಹತ್ತು ಮನೆಯವರು ಸಹಿ ಹಾಕಿ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.